ಕಳಚಿ ಬಂದ ಕ್ಯಾಪು, ಹಿಡಿದಿಡುವ ಸಿಮೆಂಟು: ಡೆಂಟಲ್ ಕುರ್ಚಿಯಲ್ಲಿ ಕೂರುವ ಮುಂಚೆ

ಆಲೂರು ಕಡೆಯ ಯಜಮಾನರೊಬ್ಬರು ಹಾಸನದ ನನ್ನ ಕ್ಲಿನಿಕ್ಕಿಗೆ ಬಂದರು. ಜೇಬಿನಿಂದ ಎಲೆಯಡಿಕೆ ಚೀಲ ತೆಗೆದರು. ಅದರೊಳಗಿಂದ ಮಡಿಚಿದ ಕಾಗದ. ಕಾಗದದೊಳಗೆ ಅವರ ದವಡೆ ಹಲ್ಲಿನ ಕ್ಯಾಪು. "ಡಾಕ್ಟ್ರೇ, ಈ ಸಲ ಒಳ್ಳೆ ಸಿಮೆಂಟ್ ಹಾಕಿ. ಹೋದ ಸಲದ್ದು ಎರಡೇ ತಿಂಗಳಿಗೆ ಕಿತ್ಕೊಂಡ್ ಬಂತು" ಅಂದರು. ಹೋದ ಸಲ ಹಾಕಿದವನೂ ನಾನೇ.

ಮನೆ ಕಟ್ಟೋ ಸಿಮೆಂಟಿನಲ್ಲಿ 43 ಗ್ರೇಡ್, 53 ಗ್ರೇಡ್ ಅಂತ ಇರುತ್ತದಲ್ಲ, ಹಲ್ಲಿನ ಸಿಮೆಂಟೂ ಹಾಗೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ದುಡ್ಡು ಜಾಸ್ತಿ ಕೊಟ್ಟರೆ ಗಟ್ಟಿ ಸಿಮೆಂಟು, ಗಟ್ಟಿ ಸಿಮೆಂಟು ಹಾಕಿದರೆ ಕ್ಯಾಪು ಬೀಳಲ್ಲ. ಅಷ್ಟು ಸುಲಭವಾಗಿದ್ದರೆ ನಾನೂ ನೆಮ್ಮದಿಯಾಗಿರುತ್ತಿದ್ದೆ. ಒಂದು ಹಲ್ಲಿಗೆ ಹೇಳಿ ಮಾಡಿಸಿದಂತಿರುವ ಸಿಮೆಂಟು ಪಕ್ಕದ ಹಲ್ಲಿಗೆ ಆಗದೇ ಇರಬಹುದು. ಕ್ಯಾಪು ಬಿದ್ದವರಿಗೆ, ಹೊಸದಾಗಿ ಕ್ಯಾಪು ಅಥವಾ ಬ್ರಿಡ್ಜ್ (ಇಲ್ಲದ ಹಲ್ಲಿನ ಜಾಗ ತುಂಬಲು ಅಕ್ಕಪಕ್ಕದ ಹಲ್ಲುಗಳ ಮೇಲೆ ಕೂರಿಸುವ ಜೋಡಿಸಿದ ಕ್ಯಾಪುಗಳು) ಹಾಕಿಸಿಕೊಳ್ಳುವವರಿಗೆ ಯಾವ ಹಂತದಲ್ಲಿ ಏನು ನೋಡಬೇಕು, ಏನು ಕೇಳಬೇಕು ಅಂತ ಇಲ್ಲಿ ಬರೆದಿದ್ದೇನೆ.

ಕ್ಯಾಪು ಕೈಗೆ ಬಂದ ಕೂಡಲೇ

ಎಸೆಯಬೇಡಿ. ನೀರಲ್ಲಿ ತೊಳೆದು ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿಡಿ. ಕಾಗದದಲ್ಲಿ ಸುತ್ತಿಟ್ಟರೆ ಮನೆಯವರು ಕಸ ಅಂತ ಗುಡಿಸಿ ಹಾಕುತ್ತಾರೆ. ಎಷ್ಟೋ ಕ್ಯಾಪುಗಳು ಹಾಗೆ ಹೋಗಿವೆ. ತೊಳೆಯುವಾಗ ಸಿಂಕಿನ ತೂತು ಮುಚ್ಚಿರಲಿ.

ಒಳಗಿರುವ ಹಳೇ ಸಿಮೆಂಟನ್ನು ಸೂಜಿ, ಪಿನ್ನು ಹಾಕಿ ಕೆರೆಯಬೇಡಿ. ಅದು ನನಗೆ ಸಾಕ್ಷಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅಂಗಡಿಯಲ್ಲಿ ಸಿಗುವ ಇನ್‌ಸ್ಟಂಟ್ ಗಮ್ ಹಾಕಿ ನೀವೇ ಅಂಟಿಸಲು ಹೋಗಬೇಡಿ. ಅದು ಬಾಯಿಗೆ ಅಂತ ಮಾಡಿದ ಅಂಟಲ್ಲ. ಕ್ಯಾಪು ಒಂಚೂರು ವಾರೆಯಾಗಿ ಕೂತರೂ ಅಲ್ಲೇ ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಅದನ್ನು ಬಿಡಿಸಲು ಕ್ಯಾಪನ್ನೇ ಕತ್ತರಿಸಬೇಕು. ನಾಳೆ ಮದುವೆ, ಮುಂದಿನ ಹಲ್ಲಿನ ಕ್ಯಾಪು ಬಿದ್ದಿದೆ ಅಂತಿದ್ದರೆ ಹಲ್ಲಿನ ಸೆಟ್ ಹಿಡಿಯಲು ಮೆಡಿಕಲ್ ಶಾಪಿನಲ್ಲಿ ಸಿಗುವ ಪೇಸ್ಟನ್ನು ಒಂದು ಕಾಳಿನಷ್ಟು ಹಾಕಿ ಕೂರಿಸಿಕೊಳ್ಳಬಹುದು. ಊಟಕ್ಕೆ ಮುಂಚೆ, ಮಲಗುವ ಮುಂಚೆ ತೆಗೆದಿಡಲೇಬೇಕು.

ಊಟದ ಜೊತೆ ನುಂಗಿಬಿಟ್ಟರೆ ಸಾಮಾನ್ಯವಾಗಿ ಅದೇ ಹೊರಗೆ ಹೋಗುತ್ತದೆ. ಆದರೆ ಕೆಮ್ಮು ಹತ್ತಿ ನಿಲ್ಲುತ್ತಿಲ್ಲ, ಉಸಿರಿಗೆ ತೊಂದರೆ ಅಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಶ್ವಾಸನಾಳಕ್ಕೆ ಹೋಗಿರಬಹುದು.

ಒಂದು ವಾರದೊಳಗೆ ತೋರಿಸಿಕೊಳ್ಳಿ. ಕಾಫಿ ಕೊಯ್ಲು ಮುಗಿಯಲಿ ಅಂತ ಎರಡು ತಿಂಗಳು ಬಿಟ್ಟು ಬಂದವರಿದ್ದಾರೆ. ಅಷ್ಟರಲ್ಲಿ ಅಕ್ಕಪಕ್ಕದ ಹಲ್ಲು ಸರಿದು, ಹಳೇ ಕ್ಯಾಪು ಕೂರುವುದೇ ಇಲ್ಲ.

ಅಂಟಿಸೋ ಮೊದಲು ಯಾಕೆ ಬಿತ್ತು ಅಂತ ನೋಡಿಸಿ

ಈಗ ಆ ಸಾಕ್ಷಿಯ ವಿಷಯ. ಬೆಳಕಿಗೆ ಹಿಡಿದು ಕ್ಯಾಪಿನ ಒಳಗೆ ನೋಡಿ. ಸಿಮೆಂಟೆಲ್ಲ ಕ್ಯಾಪಿನಲ್ಲೇ ಉಳಿದು ಹಲ್ಲು ಬೋಳಾಗಿದ್ದರೆ, ಹಲ್ಲಿನ ಕಡೆ ಹಿಡಿತ ತಪ್ಪಿದೆ. ಅಂಟಿಸುವಾಗ ಅಲ್ಲಿ ಜೊಲ್ಲೋ ರಕ್ತವೋ ಸೇರಿರಬಹುದು. ಸಿಮೆಂಟು ಹಲ್ಲಿನ ಮೇಲೆ ಇದ್ದು ಕ್ಯಾಪಿನ ಒಳಗೆ ನುಣ್ಣಗಿದ್ದರೆ, ಕ್ಯಾಪಿನ ಒಳಮೈಯನ್ನು ಸರಿಯಾಗಿ ತಯಾರು ಮಾಡಿರಲಿಕ್ಕಿಲ್ಲ. ಕಪ್ಪಗೆ, ಮೆತ್ತಗೆ, ವಾಸನೆ ಬರುತ್ತಿದ್ದರೆ ಒಳಗೆ ಹುಳುಕು ಹಿಡಿದಿದೆ. ಕ್ಯಾಪಿನೊಳಗೆ ಹಲ್ಲಿನ ತುಂಡೇ ಮುರಿದು ಕೂತಿದ್ದರೆ ಸಿಮೆಂಟಿನ ಮಾತೇ ಬೇಡ, ಹಲ್ಲನ್ನು ಮೊದಲು ಕಟ್ಟಬೇಕು.

ಇನ್ನೊಂದು ಕಾರಣ ಹಲ್ಲಿನ ಆಕಾರ. ಬೇಲೂರು ಹಳೇಬೀಡಿನ ಗುಡಿಗಳಲ್ಲಿ ಕಲ್ಲಿಗೆ ಕಲ್ಲು ಕಚ್ಚಿಸಿ ಕೂರಿಸಿದ್ದಾರೆ, ನಡುವೆ ಗಾರೆ ಇಲ್ಲ. ಹಲ್ಲಿನ ಕೆಲಸದಲ್ಲೂ ಮುಕ್ಕಾಲು ಪಾಲು ಹಿಡಿತ ಅಂಥ ಕಚ್ಚಿನಿಂದಲೇ ಬರಬೇಕು ಅಂತ ನಾನು ನಂಬಿದ್ದೇನೆ. ಕ್ಯಾಪು ಕೂರಿಸಲು ಅರೆದ ಹಲ್ಲಿನ ಗೋಡೆಗಳು ಹೆಚ್ಚು ಕಡಿಮೆ ನೆಟ್ಟಗಿರಬೇಕು. ದವಡೆ ಹಲ್ಲಾದರೆ ಸುಮಾರು 4 ಮಿಲಿಮೀಟರ್ ಎತ್ತರವಾದರೂ ಉಳಿದಿರಬೇಕು. ಐಸ್‌ಕ್ರೀಮ್ ಕೋನ್ ಬೋರಲು ಹಾಕಿದ ಹಾಗೆ ಚೂಪಾಗಿದ್ದರೆ ಕ್ಯಾಪು ಜಾರುತ್ತದೆ. ಸಿಮೆಂಟಿನ ಪದರವಾದರೂ ಎಷ್ಟು ದಪ್ಪ? ದ್ರವದಲ್ಲಿ ನೀರಿರುವ ಸಿಮೆಂಟುಗಳಿಗೆ (ಮುಂದೆ ಹೇಳುವ ಜಿಂಕ್ ಫಾಸ್ಫೇಟ್, ಜಿಐಸಿ ಥರದವು) ಅಂತರರಾಷ್ಟ್ರೀಯ ಮಾನದಂಡ ಹಾಕಿರುವ ಮಿತಿ 25 ಮೈಕ್ರಾನ್. ಮಿಲಿಮೀಟರಿನಲ್ಲಿ ನಲವತ್ತನೇ ಒಂದು ಭಾಗ! ಅಷ್ಟು ತೆಳು ಪದರ ಸಡಿಲ ಕ್ಯಾಪನ್ನು ಬಿಗಿ ಮಾಡಲಾರದು.

ಯಜಮಾನರ ಹಲ್ಲು ನೋಡಿದೆ. ಗಿಡ್ಡ ಹಲ್ಲು. ಅದರ ಮೇಲೆ ದಿನಕ್ಕೆ ಎಂಟು ಹತ್ತು ಸಲ ಗಟ್ಟಿ ಅಡಿಕೆ. ತಪ್ಪು ನನ್ನದೂ ಹೌದು, ಅಡಿಕೆಯದೂ ಹೌದು.

ಯಾವ ಸಿಮೆಂಟು ಏನು ಮಾಡುತ್ತದೆ

ಹಳೆಯದರಿಂದ ಶುರು ಮಾಡೋಣ. ಜಿಂಕ್ ಫಾಸ್ಫೇಟ್ ನೂರು ವರ್ಷಕ್ಕೂ ಹಳೇ ಸಿಮೆಂಟು. ಪುಡಿಯಲ್ಲಿ ಹೆಚ್ಚಿನ ಪಾಲು ಜಿಂಕ್ ಆಕ್ಸೈಡ್, ಜೊತೆಗೆ ಸ್ವಲ್ಪ ಮೆಗ್ನೀಷಿಯಂ ಆಕ್ಸೈಡ್. ದ್ರವ ಅಂದರೆ ಫಾಸ್ಫಾರಿಕ್ ಆಮ್ಲ. ಇದು ಹಲ್ಲಿಗೆ ಅಂಟುವುದಿಲ್ಲ. ಹಲ್ಲಿನ, ಕ್ಯಾಪಿನ ಒರಟು ಮೈಯ ಸಣ್ಣ ಸಣ್ಣ ಗುಳಿಗಳಿಗೆ ಹೋಗಿ ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ, ಅಷ್ಟೇ. ಹಚ್ಚಿದ ಹೊತ್ತಿಗೆ ತುಂಬಾ ಹುಳಿ ಇರುವುದರಿಂದ ಜೀವವಿರುವ ಹಲ್ಲು ಸ್ವಲ್ಪ ಜುಮ್ ಅನ್ನುತ್ತದೆ. ಒಂದೆರಡು ದಿನದಲ್ಲಿ ಆ ಹುಳಿ ಇಳಿಯುತ್ತದೆ.

ಇದನ್ನು ಕಲಸುವಾಗ ಬಿಸಿ ಏಳುತ್ತದೆ. ಅದಕ್ಕೇ ತಂಪಾದ ಗಾಜಿನ ಹಲಗೆಯ ಮೇಲೆ, ಅಗಲಕ್ಕೆ ಹರಡುತ್ತಾ, ಪುಡಿಯನ್ನು ಚಿಟಿಕೆ ಚಿಟಿಕೆ ಸೇರಿಸುತ್ತಾ ಸುಮಾರು ಒಂದೂವರೆ ನಿಮಿಷ ಕಲಸಬೇಕು. ನಾನು ಹೊಸದಾಗಿ ಸಕಲೇಶಪುರದಲ್ಲಿ ಕೆಲಸ ಮಾಡುತ್ತಿದ್ದಾಗ ಆಷಾಢದ ಮಳೆ. ಹಲಗೆ ತಂಪಾಗಿರಲಿ ಅಂತ ಫ್ರಿಜ್ಜಿನಲ್ಲಿಟ್ಟು ತೆಗೆದೆ. ಗಾಳಿಯಲ್ಲೇ ಅಷ್ಟು ತೇವ. ಹಲಗೆ ಮೇಲೆ ಮಂಜಿನ ಹನಿ ಕೂತವು. ಸುಮ್ನೆ ಒಂದು ಸಲ ಒರೆಸಿ ಕಲಸಿದೆ. ನೀರು ಸೇರಿದ ಜಿಂಕ್ ಫಾಸ್ಫೇಟ್ ಬೇಗ ಬಿಗಿಯುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ, ಅವತ್ತು ಕಣ್ಣಾರೆ ಕಂಡೆ. ಬ್ರಿಡ್ಜ್ ಪೂರ್ತಿ ಕೆಳಗಿಳಿಯುವ ಮೊದಲೇ ಗಟ್ಟಿ! ಆ ತಾಯಿಗೆ ಕಚ್ಚಿದರೆ ಒಂದೇ ಕಡೆ ತಾಗುತ್ತಿತ್ತು. ಕತ್ತರಿಸಿ ತೆಗೆದು, ಹೊಸ ಬ್ರಿಡ್ಜನ್ನು ನನ್ನ ಖರ್ಚಿನಲ್ಲಿ ಮಾಡಿಸಿ ಕೊಟ್ಟೆ. ಮಲೆನಾಡಿನ ಮಳೆಗಾಲದಲ್ಲಿ ಹಲಗೆ ತಂಪಾಗಿದ್ದರೆ ಸಾಲದು, ಒಣಗಿರಬೇಕು.

1968ರಲ್ಲಿ ಇಂಗ್ಲೆಂಡಿನ ಡೆನಿಸ್ ಸ್ಮಿತ್ ಅನ್ನುವವರು ಜಿಂಕ್ ಪಾಲಿಕಾರ್ಬಾಕ್ಸಿಲೇಟ್ ತಂದರು. ಹಲ್ಲಿನ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿ ಅಂಟಿಕೊಂಡ ಮೊದಲ ಸಿಮೆಂಟು ಇದು. ಹಲ್ಲಿನ ನರಕ್ಕೆ ಮೃದು. ಕಲಸಿದಾಗ ಹೊಳಪು ಇರುವಷ್ಟು ಹೊತ್ತು ಮಾತ್ರ ಉಪಯೋಗಿಸಬೇಕು. ಜೇಡರ ಬಲೆಯ ಹಾಗೆ ಎಳೆ ಎಳೆಯಾಯಿತೋ, ಎಸೆದು ಬೇರೆ ಕಲಸಬೇಕು. ನಾನು ಈಗ ಇದನ್ನು ಬಳಸುವುದು ಕಡಿಮೆ.

ಕಡಿಮೆಯಾಗಲು ಕಾರಣ ಗ್ಲಾಸ್ ಅಯಾನೊಮರ್. ಕ್ಲಿನಿಕ್‌ಗಳಲ್ಲಿ ನೀವು ಕೇಳುವ ಜಿಐಸಿ ಇದೇ. ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ ಇದನ್ನು ಮಾಡಿ, 1970ರ ದಶಕದ ಶುರುವಿನಲ್ಲಿ ಲೋಕಕ್ಕೆ ತಿಳಿಸಿದರು. ಪುಡಿ ಅಂದರೆ ನಿಜಕ್ಕೂ ಗಾಜಿನ ಪುಡಿ, ಅದರೊಳಗೆ ಫ್ಲೋರೈಡ್ ಇದೆ. ದ್ರವ ಪಾಲಿಅಕ್ರಿಲಿಕ್ ಆಮ್ಲ. ಹಲ್ಲಿಗೆ ತಾನೇ ಅಂಟುತ್ತದೆ. ಬಿಸಿ ಕಾಫಿಗೆ, ತಣ್ಣೀರಿಗೆ ಹೆಚ್ಚು ಕಡಿಮೆ ಹಲ್ಲಿನಷ್ಟೇ ಹಿಗ್ಗಿ ಕುಗ್ಗುತ್ತದೆ. ಸ್ವಲ್ಪ ಸ್ವಲ್ಪ ಫ್ಲೋರೈಡ್ ಬಿಡುತ್ತದೆ. ಬೆಲೆಯೂ ಕೈಗೆಟುಕುವಂಥದ್ದು. ಲೋಹದ ಕ್ಯಾಪು, ಲೋಹದ ಮೇಲೆ ಪಿಂಗಾಣಿ ಕೂರಿಸಿದ ಕ್ಯಾಪು, ಹಲ್ಲಿನ ಎತ್ತರ ಚೆನ್ನಾಗಿರುವ ಕಡೆ ನನ್ನ ಮೊದಲ ಆಯ್ಕೆ ಇದೇ. ದುಬಾರಿ ಸಿಮೆಂಟು ಹಾಕಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಜಿಐಸಿಯ ಸಿಟ್ಟು ನೀರಿನ ಮೇಲೆ. ಗಟ್ಟಿಯಾಗುವ ಮೊದಲ ಕೆಲವು ನಿಮಿಷ ಜೊಲ್ಲು ತಾಗಿದರೆ ಅಂಚು ಕರಗಿ ಹೋಗುತ್ತದೆ. ಹಾಗಂತ ಹಲ್ಲನ್ನು ಗಾಳಿ ಊದಿ ಊದಿ ಬರಡು ಮಾಡಿದರೂ ತಪ್ಪು. ಆಮೇಲೆ ತಣ್ಣನೆಯದು ಕುಡಿದರೆ ಜುಮ್ ಅನ್ನುತ್ತದೆ. ಒದ್ದೆ ಬಟ್ಟೆ ಹಿಂಡಿ ಒರೆಸಿದ ನೆಲದ ಹಾಗೆ, ನೀರಿಲ್ಲ ಆದರೆ ಪೂರ್ತಿ ಒಣಗಿಯೂ ಇಲ್ಲ ಅನ್ನುವ ಹದ ಬೇಕು. ಪುಡಿ ದ್ರವದ ಅಳತೆಯೂ ಅಷ್ಟೇ ಮುಖ್ಯ. ಪುಡಿ ಬಾಟಲಿ ಅಲುಗಿಸಿ, ಚಮಚ ಸಮ ಮಾಡಿ, ದ್ರವದ ಬಾಟಲಿ ನೆಟ್ಟಗೆ ಬೋರಲು ಹಿಡಿದು ಹನಿ ಬಿಡಬೇಕು. ದೋಸೆ ಹಿಟ್ಟಿನ ಹಾಗೆ ಕಣ್ಣಳತೆಯಲ್ಲಿ ಕಲಸಿದರೆ ಸಿಮೆಂಟು ಬಲ ಕಳೆದುಕೊಳ್ಳುತ್ತದೆ.

ಇದಕ್ಕೇ ರೆಸಿನ್ (ಗಟ್ಟಿಯಾಗುವ ಒಂಥರಾ ಪ್ಲಾಸ್ಟಿಕ್) ಸೇರಿಸಿದ್ದು ರೆಸಿನ್ ಮಾಡಿಫೈಡ್ ಜಿಐಸಿ. ಮಾಮೂಲಿ ಜಿಐಸಿಗಿಂತ ಗಟ್ಟಿ, ಕರಗುವುದೂ ಕಡಿಮೆ. ನೀರು ಹೀರಿಕೊಂಡು ಒಂಚೂರು ಉಬ್ಬುವ ಗುಣ ಇದೆ. ಹಾಗಾಗಿ ತೆಳುವಾದ, ಬಲ ಕಡಿಮೆ ಇರುವ ಹಳೇ ಥರದ ಪಿಂಗಾಣಿ ಕ್ಯಾಪಿಗೆ ಬೇಡ. ಜಿರ್ಕೋನಿಯಾ ಅನ್ನುವ ತುಂಬಾ ಗಟ್ಟಿ ಸೆರಾಮಿಕ್ಕಿಗೆ, ಲೋಹಕ್ಕೆ ಧಾರಾಳವಾಗಿ ಹಾಕಬಹುದು.

ಇನ್ನು ರೆಸಿನ್ ಸಿಮೆಂಟು. ಜಾಹೀರಾತಿನಲ್ಲೆಲ್ಲ ಇದರದೇ ಸದ್ದು. ಇದು ನಿಜವಾದ ಅಂಟು. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಅನ್ನುವವರು ಆಮ್ಲ ಸವರಿದ ಎನಾಮಲ್ಲಿಗೆ (ಹಲ್ಲಿನ ಗಟ್ಟಿ ಹೊರಪದರ) ರೆಸಿನ್ ಗಟ್ಟಿಯಾಗಿ ಅಂಟುತ್ತದೆ ಅಂತ ತೋರಿಸಿದರು. ಇವತ್ತಿನ ಈ ವಿದ್ಯೆಯೆಲ್ಲ ಅಲ್ಲಿಂದ ಬೆಳೆದದ್ದು. ಹಲ್ಲು ಗಿಡ್ಡವಾಗಿದ್ದರೆ, ಮುಂದಿನ ಹಲ್ಲಿನ ಎದುರು ಮೈಗೆ ವೆನೀರ್ ಅನ್ನುವ ತೆಳು ಹೊದಿಕೆ ಹಾಕುವುದಿದ್ದರೆ, ಗಾಜಿನಂಥ ಸೆರಾಮಿಕ್ ಕ್ಯಾಪಾದರೆ ರೆಸಿನ್ನೇ ಸರಿ. ಬಾಯಿಯ ನೀರಿಗೆ ಹೆಚ್ಚು ಕಡಿಮೆ ಕರಗುವುದಿಲ್ಲ. ಬಣ್ಣಗಳೂ ಸಿಗುತ್ತವೆ.

ಆದರೆ ಇದರ ಅಡುಗೆಗೆ ಒಗ್ಗರಣೆ ಜಾಸ್ತಿ. ಹಲ್ಲಿಗೆ ಸುಮಾರು 37 ಪರ್ಸೆಂಟ್ ಫಾಸ್ಫಾರಿಕ್ ಆಮ್ಲ ಹಚ್ಚಿ, 15 ಸೆಕೆಂಡ್ ಬಿಟ್ಟು ತೊಳೆದು, ಬಾಂಡ್ ಅನ್ನುವ ಅಂಟು ದ್ರವ ಹಚ್ಚುತ್ತಾರೆ. ಇದನ್ನೆಲ್ಲ ಬಿಟ್ಟು ನೇರವಾಗಿ ಹಾಕುವ ಸೆಲ್ಫ್ ಅಡ್ಹೆಸಿವ್ ಥರದ್ದೂ ಇದೆ. ಕ್ಯಾಪಿನ ಒಳಮೈಗೆ ಬೇರೆಯೇ ಉಪಚಾರ. ಗಾಜಿನಂಥ ಸೆರಾಮಿಕ್ಕಾದ ಲಿಥಿಯಂ ಡೈಸಿಲಿಕೇಟ್ ಆದರೆ ಹೈಡ್ರೋಫ್ಲೋರಿಕ್ ಆಮ್ಲ, ಆಮೇಲೆ ರೆಸಿನ್ನಿಗೂ ಗಾಜಿಗೂ ಬೆಸುಗೆ ಹಾಕುವ ಸೈಲೇನ್ ದ್ರವ. ಜಿರ್ಕೋನಿಯಾದಲ್ಲಿ ಗಾಜಿನ ಅಂಶ ಇಲ್ಲದ್ದರಿಂದ ಆ ಆಮ್ಲ ಅದಕ್ಕೆ ನಾಟುವುದಿಲ್ಲ. ಅಲ್ಯೂಮಿನಾ ಮರಳು ಊದಿ ಒರಟು ಮಾಡಿ, ಎಂಡಿಪಿ (ಜಿರ್ಕೋನಿಯಾವನ್ನು ರಾಸಾಯನಿಕವಾಗಿ ಹಿಡಿಯುವ ವಸ್ತು) ಇರುವ ಪ್ರೈಮರ್ ಹಚ್ಚಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಅಳತೆ ನೋಡಲು ಕ್ಯಾಪನ್ನು ಬಾಯಲ್ಲಿಟ್ಟಾಗ ಜೊಲ್ಲಿನ ಫಾಸ್ಫೇಟ್ ಜಿರ್ಕೋನಿಯಾಗೆ ಅಂಟಿಕೊಳ್ಳುತ್ತದೆ. ಎಂಡಿಪಿ ಹಿಡಿಯಬೇಕಾದ ಜಾಗವನ್ನು ಅದು ಮೊದಲೇ ಹಿಡಿದುಬಿಡುತ್ತದೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ನೀರಲ್ಲಿ ತೊಳೆದರೆ ಆ ಟವೆಲ್ ಏಳುವುದಿಲ್ಲ. ಅದಕ್ಕೆಂದೇ ಇರುವ ಕ್ಲೀನರ್ ಹಾಕಬೇಕು, ಇಲ್ಲವೇ ಮತ್ತೆ ಮರಳು ಊದಬೇಕು. ಇದೊಂದು ಹಂತ ಬಿಟ್ಟರೆ ದುಬಾರಿ ಸಿಮೆಂಟೂ ಸೋಲುತ್ತದೆ.

ಕೊನೆಯದು ತಾತ್ಕಾಲಿಕ ಸಿಮೆಂಟು. ಲವಂಗದ ಎಣ್ಣೆಯ ವಾಸನೆ ಬಂತೆಂದರೆ ಅದು ಜಿಂಕ್ ಆಕ್ಸೈಡ್ ಯುಜೆನಾಲ್. ಹಲ್ಲಿಗೆ ಹಿತ. ಲ್ಯಾಬಿನಿಂದ ಅಸಲಿ ಕ್ಯಾಪು ಬರುವ ತನಕ ಇದರಲ್ಲಿ ಅಂಟಿಸಿರುತ್ತಾರೆ. ಬೇಕಾದಾಗ ಸುಲಭವಾಗಿ ತೆಗೆಯಲೆಂದೇ ಇದನ್ನು ಬಲಹೀನವಾಗಿ ಮಾಡಿರುವುದು. ಹಾಗಾಗಿ ಆ ದಿನಗಳಲ್ಲಿ ಅಂಟಿನುಂಡೆ, ಚಿಕ್ಕಿ ಬೇಡ. ಯುಜೆನಾಲ್ ಇದ್ದರೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮುಂದೆ ರೆಸಿನ್ ಹಾಕುವುದಿದ್ದರೆ ಯುಜೆನಾಲ್ ಇಲ್ಲದ ತಾತ್ಕಾಲಿಕ ಸಿಮೆಂಟು ಹಾಕಿಸಿಕೊಳ್ಳಿ.

ಡಾಕ್ಟರನ್ನು ಕೇಳಿ

ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಸಂಕೋಚ ಬೇಡ. ನನ್ನ ಕ್ಯಾಪು ಯಾವುದರದ್ದು? ನನ್ನ ಹಲ್ಲಿನ ಎತ್ತರ ಸಾಕಾ? ಅದಕ್ಕೆ ಯಾವ ಸಿಮೆಂಟು, ಯಾಕೆ? ಈ ಮೂರಕ್ಕೆ ಉತ್ತರ ಬಂದರೆ ಉಳಿದದ್ದು ಅದರಲ್ಲೇ ಇರುತ್ತದೆ. ಉತ್ತರವನ್ನು ಬರೆಸಿಕೊಂಡು ಇಟ್ಟುಕೊಳ್ಳಿ. ಐದು ವರ್ಷ ಬಿಟ್ಟು ಬೆಂಗಳೂರಿನಲ್ಲಿ ಕ್ಯಾಪು ಬಿದ್ದರೆ ಅಲ್ಲಿನ ಡಾಕ್ಟರಿಗೆ ಆ ಚೀಟಿಯಿಂದ ಅರ್ಧ ಕೆಲಸ ಉಳಿಯುತ್ತದೆ.

ಇಂಪ್ಲಾಂಟ್ (ದವಡೆ ಮೂಳೆಯಲ್ಲಿ ಕೂರಿಸಿದ ಕೃತಕ ಬೇರು) ಮೇಲಿನ ಕ್ಯಾಪಾದರೆ ಒಂದು ಪ್ರಶ್ನೆ ಜಾಸ್ತಿ: ಸ್ಕ್ರೂನಲ್ಲಿ ಕೂರಿಸುತ್ತೀರಾ, ಸಿಮೆಂಟಿನಲ್ಲಾ? ಸಿಮೆಂಟಾದರೆ ಹೆಚ್ಚಾದದ್ದು ವಸಡಿನ ಕೆಳಗೆ ಉಳಿದು ಕೀವು ಕಟ್ಟಿ, ಸುತ್ತಲಿನ ಮೂಳೆಯನ್ನೇ ತಿನ್ನಬಹುದು. ಹೇಗೆ ತೆಗೆಯುತ್ತೀರಿ ಅಂತ ಕೇಳಿ.

ಅಂಟಿಸುವ ದಿನ

ವಸಡು ಊದಿ ರಕ್ತ ಬರುತ್ತಿದ್ದರೆ ಒಂದು ವಾರ ಮುಂಚೆಯೇ ಕ್ಲೀನಿಂಗ್ ಮಾಡಿಸಿಕೊಳ್ಳಿ. ರಕ್ತ ಬರುವ ವಸಡಿನ ಪಕ್ಕ ಯಾವ ಸಿಮೆಂಟೂ ನಿಲ್ಲಲ್ಲ.

ಮೊದಲು ಸಿಮೆಂಟಿಲ್ಲದೆ ಕ್ಯಾಪು ಕೂರಿಸಿ ನೋಡುತ್ತಾರೆ. ಕಚ್ಚಲು ಬಣ್ಣದ ಕಾಗದ ಕೊಡುತ್ತಾರೆ. ಎತ್ತರ ಅನ್ನಿಸಿದರೆ, ಬಣ್ಣ ಒಪ್ಪದಿದ್ದರೆ, ಹೇಳಬೇಕಾದ ಹೊತ್ತು ಇದು. "ಏನೋ ಒಂಥರಾ ಇದೆ, ಆಮೇಲೆ ಸರಿಹೋಗುತ್ತೆ ಬಿಡಿ" ಅನ್ನಬೇಡಿ. ಸಿಮೆಂಟು ಹಾಕಿದ ಮೇಲೆ ಹೇಳಿದರೆ ಉಜ್ಜುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಆಮೇಲೆ ಕೆನ್ನೆಯ ಒಳಗೆ ಹತ್ತಿ, ನಾಲಿಗೆ ಪಕ್ಕ ಜೊಲ್ಲು ಎಳೆಯುವ ಪೈಪು. ಇಲ್ಲಿಂದ ಐದಾರು ನಿಮಿಷ ಕೆಲಸ ನಿಮ್ಮದು. ನಾಲಿಗೆ ಹೊರಳಿಸಬೇಡಿ, ಬಾಯಿ ಮುಚ್ಚಬೇಡಿ, ಮಾತು ಬೇಡ. ಜೊಲ್ಲು ತುಂಬಿದರೆ ಕೈ ಎತ್ತಿ ಸಾಕು. ಫೋನು ಆಫ್ ಇರಲಿ. ಸಿಮೆಂಟು ಹಾಕಿದ ಕ್ಷಣಕ್ಕೇ ಮಗಳ ಫೋನು ಬಂದು, ಬಾಯಿ ಮುಚ್ಚಿ "ಹಾಂ, ಹೇಳವ್ವ" ಅಂದವರಿದ್ದಾರೆ.

ಕ್ಯಾಪಿನೊಳಗೆ ಸಿಮೆಂಟನ್ನು ತುಂಬಿ ತುಳುಕುವಷ್ಟು ಹಾಕುವುದಿಲ್ಲ, ಗೋಡೆಗೆ ತೆಳ್ಳಗೆ ಸವರುತ್ತಾರೆ. ಜಾಸ್ತಿಯಾದರೆ ಕ್ಯಾಪು ಕೆಳಗಿಳಿಯಲ್ಲ. ಕೂರಿಸಿದ ಮೇಲೆ ಹತ್ತಿ ಕಚ್ಚಲು ಹೇಳಿದರೆ ಒಂದೇ ಸಮನೆ ಕಚ್ಚಿ ಹಿಡಿಯಿರಿ. ಬಿಟ್ಟು ಬಿಟ್ಟು ಕಚ್ಚಬಾರದು. ರೆಸಿನ್ ಆದರೆ ನೀಲಿ ಬೆಳಕು ಬಿಡುತ್ತಾರೆ, ಅದನ್ನು ನೇರವಾಗಿ ನೋಡಬೇಡಿ. ಲೋಹದ ಕ್ಯಾಪಿನೊಳಗೆ ಬೆಳಕು ಹೋಗುವುದಿಲ್ಲ. ಅಲ್ಲಿಗೆ ತಾನಾಗಿಯೇ ಗಟ್ಟಿಯಾಗುವ ಥರದ್ದು ಬೇಕು, ಅದಕ್ಕೆ ಕಾಯಬೇಕು.

ಹೊರಗೆ ಬಂದ ಸಿಮೆಂಟು ತೆಗೆಯುವುದಕ್ಕೂ ಹದ ಇದೆ. ಜಿಂಕ್ ಫಾಸ್ಫೇಟ್ ಪೂರ್ತಿ ಗಟ್ಟಿಯಾಗಲು ಬಿಟ್ಟು ಸಿಡಿಸುತ್ತೇವೆ. ರೆಸಿನ್ನಿಗೆ ಎರಡು ಮೂರು ಸೆಕೆಂಡ್ ಬೆಳಕು ತೋರಿಸಿ, ರಬ್ಬರಿನ ಹಾಗಾದಾಗ ಬಿಡಿಸುತ್ತೇವೆ. ಪೂರ್ತಿ ಗಟ್ಟಿಯಾಯಿತೋ, ಡ್ರಿಲ್ಲೇ ಬೇಕು. ಎರಡು ಹಲ್ಲಿನ ನಡುವೆ ಗಂಟು ಹಾಕಿದ ಫ್ಲಾಸ್ ದಾರ ಎಳೆಯುತ್ತೇವೆ. ಎಳೆಯದಿದ್ದರೆ ನೀವೇ ಕೇಳಿ.

ಮನೆಗೆ ಹೋದ ಮೇಲೆ

ಮೊದಲ ಒಂದು ಗಂಟೆ ಏನೂ ತಿನ್ನಬೇಡಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಅದು ಇಳಿಯುವ ತನಕ ಬೇಡ, ಕೆನ್ನೆ ಕಚ್ಚಿಕೊಳ್ಳುತ್ತೀರಿ. ದ್ರವದಲ್ಲಿ ನೀರಿರುವ ಸಿಮೆಂಟುಗಳು ಪೂರ್ತಿ ಬಲಕ್ಕೆ ಬರಲು ಒಂದು ದಿನವಾದರೂ ಬೇಕು. ಅವತ್ತು ಇನ್ನೊಂದು ಪಕ್ಕದಲ್ಲಿ, ಮೆತ್ತಗಿನದು ತಿನ್ನಿ. ಹಾಸನದವರಿಗೆ ಇದು ಕಷ್ಟವೇ ಅಲ್ಲ. ಮುದ್ದೆ ಉಣ್ಣಿ, ಹೇಗೂ ಅಗಿಯೋದಿಲ್ವಲ್ಲ! ಚಕ್ಕುಲಿ, ನಿಪ್ಪಟ್ಟು, ಅಡಿಕೆ ಬೇಡ. ಅಡಿಕೆ ಆಮೇಲೂ ಬೇಡ ಅಂತ ಹೇಳುತ್ತಲೇ ಇರುತ್ತೇನೆ, ಕೇಳುವವರು ಕಡಿಮೆ.

ಎರಡು ಮೂರು ದಿನ ತಣ್ಣನೆಯದಕ್ಕೆ ಜುಮ್ ಅಂದರೆ ಗಾಬರಿ ಬೇಡ. ರಾತ್ರಿ ಮಲಗಿದಾಗ ತಾನಾಗಿ ಸಿಡಿಯುವ ನೋವು ಬಂದರೆ, ಕಚ್ಚಿದಾಗ ಅದೇ ಹಲ್ಲು ಮೊದಲು ತಾಗಿದರೆ, ವಾಪಸ್ ಬನ್ನಿ. ಎತ್ತರವಾಗಿರುವ ಕ್ಯಾಪಿನ ಮೇಲೆ ಪ್ರತಿ ತುತ್ತಿಗೂ ಏಟು ಬೀಳುತ್ತದೆ. ಸಿಮೆಂಟು ಬಿಡುವ ಕಾರಣಗಳಲ್ಲಿ ಅದೂ ಒಂದು.

ಬ್ರಿಡ್ಜ್ ಹಾಕಿಸಿಕೊಂಡವರು ಇದನ್ನು ಗಮನಿಸಿ. ಬ್ರಿಡ್ಜ್ ಸಾಮಾನ್ಯವಾಗಿ ಎರಡು ಕಂಬದ ಮೇಲೆ ನಿಂತಿರುತ್ತದೆ. ಒಂದು ಕಂಬದಲ್ಲಿ ಸಿಮೆಂಟು ಬಿಟ್ಟರೂ ಇನ್ನೊಂದು ಹಿಡಿದಿರುವುದರಿಂದ ಅದು ಬೀಳುವುದಿಲ್ಲ. ನೋವೂ ಇರದಿರಬಹುದು. ಆದರೆ ಕಚ್ಚಿದಾಗ ಆ ಕಡೆ ಒಂದು ಕೆಟ್ಟ ರುಚಿ ಬರುತ್ತದೆ. ಬೆರಳಲ್ಲಿ ಒತ್ತಿದರೆ ಅಂಚಿನಲ್ಲಿ ಜೊಲ್ಲಿನ ಗುಳ್ಳೆ ಏಳುತ್ತದೆ. ಪ್ರತಿ ಸಲ ಅಗಿದಾಗಲೂ ಒಳಗೆ ಜೊಲ್ಲು ಹೋಗಿ ಬಂದು ಮಾಡುತ್ತಾ ಹುಳುಕು ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ತಿಂಗಳಿಗೊಮ್ಮೆ ಹಲ್ಲುಜ್ಜಿದ ಮೇಲೆ ಕನ್ನಡಿ ಮುಂದೆ ನಿಂತು ಬ್ರಿಡ್ಜಿನ ಎರಡೂ ತುದಿಯನ್ನು ಒಂದೊಂದಾಗಿ ಒತ್ತಿ ನೋಡಿ. ಗುಳ್ಳೆ ಕಂಡರೆ ಅದೇ ವಾರ ಬನ್ನಿ. ಹಲ್ಲು ಇನ್ನೂ ಗಟ್ಟಿ ಇದ್ದರೆ ಅದೇ ಬ್ರಿಡ್ಜನ್ನು ತೆಗೆದು, ತೊಳೆದು, ಮತ್ತೆ ಕೂರಿಸಲು ಸಾಧ್ಯವಾಗಬಹುದು.